ಊರಿಗೆ ಹೇಳು, ಊರನ್ನು ಕೇಳು

ತಂಗೀ,

ಮೊನ್ನೆ ಫೋನಿನಲ್ಲಿ ನೀನು ಆಡಿದ ಮಾತು ಇನ್ನೂ ಕಿವಿಯಲ್ಲಿದೆ. "ಕಾಕಾ, ಪುಸ್ತಕ ಕೊಡೂದು ನನ್ನ ಕೆಲಸ. ಊರಾಗ ಅಡ್ಡಾಡಿ ಪ್ರಚಾರ ಮಾಡೂದು ನನ್ನ ಕೆಲಸ ಅಲ್ಲ" ಅಂದೆ. ಸೋಮಾರಿತನದಿಂದ ಬಂದ ಮಾತಲ್ಲ ಅದು, ಗೊತ್ತು. ಪ್ರಚಾರ ಎಂದರೆ ನಿನಗೆ ಕಾಣುವುದು ಬಸ್‌ಸ್ಟ್ಯಾಂಡಿನ ಫ್ಲೆಕ್ಸು, ಅದರ ಮೇಲೆ ಕೈಮುಗಿದು ನಿಂತ ಮುಖಗಳು. ಅಂಥದಕ್ಕೆ ನಿನ್ನ ಮನಸ್ಸು ಒಗ್ಗದಿದ್ದರೆ ಸಂತೋಷವೇ. ಆದರೂ ಆ ಮಾತನ್ನು ನಾನು ಒಪ್ಪಲಾರೆ. ಸೇಡಂ ಸೀಮೆಯಿಂದ ಹೊಟ್ಟೆಪಾಡಿಗೆ ಹೈದರಾಬಾದಿಗೆ ಬಂದು, ಗ್ರಂಥಾಲಯದ ಕೌಂಟರಿನ ಹಿಂದೆ ಕೂತೇ ತಲೆ ನೆರೆಸಿಕೊಂಡವನು ನಾನು. ಫೋನಿನಲ್ಲಿ ಅರ್ಧಕ್ಕೇ ನಿಂತ ಮಾತನ್ನು ಇಲ್ಲಿ ಪೂರಾ ಹೇಳುತ್ತೇನೆ, ಸಮಾಧಾನದಿಂದ ಓದು.

ಹೈದರಾಬಾದಿಗೆ ಬಂದಾಗ ಅಫ್ಜಲ್‌ಗಂಜಿನ ಸ್ಟೇಟ್ ಸೆಂಟ್ರಲ್ ಲೈಬ್ರರಿಯನ್ನು ನೋಡಿದ್ದೀಯಲ್ಲ? 1891ರಲ್ಲಿ ಆಸಫಿಯಾ ಗ್ರಂಥಾಲಯವೆಂದು ಶುರುವಾದದ್ದು ಅದು. ಮೂಸಿ ನದಿಯ ದಂಡೆಯ ಮೇಲಿನ ಆ ಎತ್ತರದ ಕಟ್ಟಡವನ್ನು ನೋಡಿದವರಿಗೆ ಒಳಗೆ ಏನೋ ದೊಡ್ಡದು ಇದೆ ಎಂದು ಯಾರೂ ಹೇಳಬೇಕಿಲ್ಲ. ನಿನ್ನದು ಪಂಚಾಯ್ತಿ ಆಫೀಸಿನ ಪಕ್ಕದ ಎರಡು ಕೋಣೆ. ಅದರ ಮುಂದೆ ದಿನಾ ಓಡಾಡುವವರಲ್ಲೇ ಎಷ್ಟೋ ಮಂದಿ ಅದನ್ನು ಪಂಚಾಯ್ತಿಯ ಗೋಡೌನ್ ಎಂದುಕೊಂಡಿರಬಹುದು. ಸಣ್ಣ ಗ್ರಂಥಾಲಯ ತನ್ನ ಇರವನ್ನು ಬಾಯಿ ಬಿಟ್ಟೇ ಹೇಳಿಕೊಳ್ಳಬೇಕು. ಅದಕ್ಕೆ ಬೇರೆ ದಾರಿಯಿಲ್ಲ.

ಹೈದರಾಬಾದಿನಲ್ಲೇ ಇನ್ನೊಂದು ಗ್ರಂಥಾಲಯವಿದೆ. ನಿನಗೆ ದಾರಿ ತೋರಿಸುವುದು ಅದು. ಸುಲ್ತಾನ್ ಬಜಾರಿನ ಶ್ರೀಕೃಷ್ಣದೇವರಾಯಾಂಧ್ರ ಭಾಷಾ ನಿಲಯ. 1901ರ ಸೆಪ್ಟೆಂಬರ್ 1ರಂದು ರಾವಿಚೆಟ್ಟು ರಂಗರಾವ್ ಅವರ ಮನೆಯಲ್ಲಿ ಹುಟ್ಟಿತು. ಕೊಮರ್ರಾಜು ಲಕ್ಷ್ಮಣರಾವ್, ಮುನಗಾಲದ ಜಮೀನ್ದಾರ ನಾಯನಿ ವೆಂಕಟರಂಗರಾವ್ ಮುಂತಾದವರು ಜೊತೆಗಿದ್ದರು. ಆ ಕಾಲವನ್ನು ಸ್ವಲ್ಪ ನೆನಸಿಕೋ. ನಿಜಾಮರ ರಾಜ್ಯದಲ್ಲಿ ಆಡಳಿತದ ಭಾಷೆ ಉರ್ದು. ತೆಲುಗಿನವರು ಅರ್ಧದ ಹತ್ತಿರ, ಮರಾಠಿಯವರು ಕಾಲು ಭಾಗ, ಕಲಬುರ್ಗಿ, ರಾಯಚೂರು, ಬೀದರಿನ ನಾವು ಕನ್ನಡದವರು ಅದಕ್ಕೂ ಕಡಿಮೆ. ಈ ಮೂವರ ಮನೆಮಾತಿಗೂ ಕಚೇರಿಯಲ್ಲಿ ಜಾಗವಿಲ್ಲ. ಮುಂದೆ ಸಭೆಗಳ ಮೇಲೆ ನಿರ್ಬಂಧವೂ ಬಂತು. ನಮ್ಮ ಹಿರಿಯರು ಗಸ್ತಿ ನಿಶಾನ್ 53 ಎಂದು ಹೇಳುತ್ತಿದ್ದ ಸುತ್ತೋಲೆ ಅದೇ. ಮುಂಚಿತವಾಗಿ ಅಪ್ಪಣೆ ಪಡೆಯದೆ ಜನ ಸೇರುವಂತಿಲ್ಲ. ಅಂಥ ಕಾಲದಲ್ಲಿ ನಾಲ್ಕು ಮಂದಿ ಒಂದೆಡೆ ಕೂತು ಪೇಪರು ಓದುವ ಜಾಗವೇ ಒಂದು ದೊಡ್ಡ ಆಸರೆ.

ಆ ಮಂದಿ ಗ್ರಂಥಾಲಯ ತೆರೆದು, ಓದುಗರು ತಾವಾಗಿ ಬರಲಿ ಎಂದು ಕಾಯಲಿಲ್ಲ. ಸಭೆ ಸೇರಿಸಿದರು, ಭಾಷಣ ಏರ್ಪಡಿಸಿದರು, ಚಂದಾ ಎತ್ತಿದರು. ಮೂರೇ ವರ್ಷದಲ್ಲಿ, 1904ರಲ್ಲಿ, ಹನುಮಕೊಂಡದಲ್ಲಿ ರಾಜರಾಜ ನರೇಂದ್ರಾಂಧ್ರ ಭಾಷಾ ನಿಲಯ ಎದ್ದು ನಿಂತಿತು. 1906ರಲ್ಲಿ ಇದೇ ಹೈದರಾಬಾದಿನಲ್ಲಿ ವಿಜ್ಞಾನ ಚಂದ್ರಿಕಾ ಮಂಡಳಿ ಶುರುವಾಗಿ ಸಾಮಾನ್ಯರಿಗಾಗಿ ಇತಿಹಾಸ, ವಿಜ್ಞಾನದ ಪುಸ್ತಕಗಳನ್ನು ಹೊರತಂದಿತು. 1921ರಲ್ಲಿ ಆಂಧ್ರ ಜನಸಂಘ ಕಟ್ಟಿದವರು ಊರೂರಿಗೆ ಗ್ರಂಥಾಲಯ ತೆರೆಯುವುದನ್ನೇ ತಮ್ಮ ಮುಖ್ಯ ಕೆಲಸಗಳಲ್ಲಿ ಒಂದು ಮಾಡಿಕೊಂಡರು. ಅವರಲ್ಲೊಬ್ಬರಾದ ಮಾಡಪಾಟಿ ಹನುಮಂತರಾಯರ ಹೆಸರನ್ನು ಇಲ್ಲಿನ ಹಳಬರು ಇವತ್ತಿಗೂ ಗೌರವದಿಂದ ಹೇಳುವುದು ಅದಕ್ಕೇ. ಒಂದು ಮನೆಯ ಕೋಣೆಯಲ್ಲಿ ಹುಟ್ಟಿದ ಗ್ರಂಥಾಲಯ ಒಂದು ಭಾಷೆಯ ಜನರ ಚಳವಳಿಗೆ ತಾಯಿಬೇರಾಯಿತು. ಪುಸ್ತಕ ಮಾತ್ರದಿಂದ ಆದದ್ದಲ್ಲ ಅದು. ಜನ ಅದನ್ನು ತಮ್ಮದು ಎಂದುಕೊಂಡರು, ಹಾಗೆ ಅಂದುಕೊಳ್ಳುವವರೆಗೆ ಕಟ್ಟಿದವರು ಬಿಡಲಿಲ್ಲ.

ವಟ್ಟಿಕೋಟ ಆಳ್ವಾರುಸ್ವಾಮಿಯವರನ್ನೂ ಹೇಳಬೇಕು. ಬಡತನದಲ್ಲಿ ಬೆಳೆದು, ಹೋಟೆಲಿನಲ್ಲಿ ದುಡಿದವರು. 1938ರಲ್ಲಿ ಸಿಕಂದರಾಬಾದಿನಲ್ಲಿ ದೇಶೋದ್ಧಾರಕ ಗ್ರಂಥಮಾಲೆ ಶುರುಮಾಡಿದರು. ತಾವೇ ಅಚ್ಚು ಹಾಕಿಸಿದ ಪುಸ್ತಕಗಳನ್ನು ಹೊತ್ತು ತೆಲಂಗಾಣದ ಹಳ್ಳಿಗಳಲ್ಲಿ ತಿರುಗಿ ಮಾರಿದರು. ನಮ್ಮ ಗಳಗನಾಥರೂ ಹಾಗೇ. ತಮ್ಮ ಕಾದಂಬರಿಗಳ ಗಂಟು ಹೊತ್ತು ಊರೂರು ಅಲೆದರು. ಇವರಿಬ್ಬರಿಗೂ ಇದು ತಮ್ಮ ಕೆಲಸವಲ್ಲ ಎಂದು ಅನ್ನಿಸಲಿಲ್ಲ. ಓದುವವನ ಮನೆಬಾಗಿಲಿಗೆ ಹೋಗುವುದು ಅವಮಾನ ಎಂದೂ ಅನ್ನಿಸಲಿಲ್ಲ.

ನೀನು ಗ್ರಂಥಾಲಯ ವಿಜ್ಞಾನದ ಸರ್ಟಿಫಿಕೇಟ್ ಕೋರ್ಸಿನಲ್ಲಿ ರಂಗನಾಥನ್ ಅವರ ಐದು ಸೂತ್ರಗಳನ್ನು ಓದಿರುತ್ತೀ. ಆ ಸೂತ್ರಗಳ ಪುಸ್ತಕ ಬಂದದ್ದು 1931ರಲ್ಲಿ. ಪ್ರತಿಯೊಂದು ಪುಸ್ತಕಕ್ಕೂ ಅದರ ಓದುಗ ದೊರೆಯಬೇಕು ಎನ್ನುವುದು ಮೂರನೆಯದು. ಪರೀಕ್ಷೆಗೆ ಬಾಯಿಪಾಠ ಮಾಡಿ ಬಿಡುವ ಸಾಲು ಎಂದು ತಿಳಿಯಬೇಡ. ಕಪಾಟಿನ ಜೋಡಣೆ, ಕ್ಯಾಟಲಾಗು ಇವುಗಳ ಜೊತೆಯಲ್ಲೇ ಪ್ರಚಾರವನ್ನೂ, ಗ್ರಂಥಾಲಯದ ಗೋಡೆಯಾಚೆಗಿನ ಕೆಲಸವನ್ನೂ ರಂಗನಾಥನ್ ಈ ಸೂತ್ರದ ಕೆಳಗೇ ಇಟ್ಟು ಚರ್ಚಿಸಿದ್ದಾರೆ. ಅಂದರೆ ಹೊರಗೆ ಹೋಗಿ ಹೇಳುವುದು ನಿನ್ನ ವೃತ್ತಿಯ ಒಳಗಿನ ಕೆಲಸವೇ. ಅದೇ 1931ರಲ್ಲಿ ತಮಿಳುನಾಡಿನ ಮನ್ನಾರ್‌ಗುಡಿ ಕಡೆ ಪುಸ್ತಕ ಹೇರಿಕೊಂಡ ಎತ್ತಿನ ಗಾಡಿ ಹಳ್ಳಿಗಳಿಗೆ ಹೋಯಿತು. 1935ರಲ್ಲಿ ಕೃಷ್ಣಾ ನದಿಯ ಕಾಲುವೆಯಲ್ಲಿ ಪಾತೂರಿ ನಾಗಭೂಷಣಂ ದೋಣಿಯ ಮೇಲೆ ಗ್ರಂಥಾಲಯ ನಡೆಸಿದರು.

ಇನ್ನು ನಿನ್ನ ಊರಿಗೆ ಬರೋಣ.

ಮೊದಲ ಮಾತು, ಬಾಗಿಲು. ಬೋರ್ಡಿನ ಮೇಲೆ ಬರೆದ ಹೊತ್ತಿಗೆ ಬಾಗಿಲು ತೆರೆದಿರಬೇಕು. ಒಬ್ಬ ರೈತ ಹೊಲದಿಂದ ಬರುವಾಗ ಪೇಪರು ನೋಡಿ ಹೋಗೋಣ ಎಂದು ಬಂದು ಬೀಗ ಕಂಡರೆ ಇನ್ನೊಮ್ಮೆ ಬರುತ್ತಾನೆ. ಎರಡನೆಯ ಸಲವೂ ಬೀಗ ಕಂಡರೆ ಮತ್ತೆ ಬರುವುದಿಲ್ಲ, ಚಹಾದ ಹೋಟೆಲಿನಲ್ಲಿ ಕೂತು ಅದನ್ನೇ ಹತ್ತು ಮಂದಿಗೆ ಹೇಳುತ್ತಾನೆ. ತಾಲೂಕು ಮೀಟಿಂಗಿಗೆ ಹೋಗುವ ದಿನ ಬಾಗಿಲಿಗೆ ಒಂದು ಚೀಟಿ ಅಂಟಿಸು: ಎಲ್ಲಿ ಹೋಗಿದ್ದೇನೆ, ಯಾವಾಗ ಬರುತ್ತೇನೆ. ಊರಿನ ವಿಶ್ವಾಸ ಅಲ್ಲಿಂದ ಶುರುವಾಗುತ್ತದೆ. ಬಾಗಿಲಿನದು ಸರಿಯಿಲ್ಲದಿದ್ದರೆ ಮುಂದೆ ನಾನು ಹೇಳುವ ಯಾವುದೂ ಉಪಯೋಗಕ್ಕೆ ಬಾರದು.

ಎರಡನೆಯದು, ನಿನಗೆ ಗೊತ್ತಿದ್ದೂ ನೀನು ಊರಿಗೆ ಹೇಳದೆ ಇರುವ ಸಂಗತಿ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಿಂದ ಬಂದ ಗ್ರಂಥಾಲಯ ಕರ. ಮನೆ ಕಂದಾಯದ ಜೊತೆಗೆ ನೂರಕ್ಕೆ 6 ರೂಪಾಯಿ. ಸಾವಿರ ರೂಪಾಯಿ ಕಂದಾಯ ಕಟ್ಟುವ ಮನೆಯವರು 60 ರೂಪಾಯಿಯನ್ನು ಪುಸ್ತಕಕ್ಕಾಗಿಯೇ ಕೊಡುತ್ತಿದ್ದಾರೆ. ರಸೀದಿಯನ್ನು ಮಡಚಿ ಟ್ರಂಕಿನಲ್ಲಿಡುವವರಿಗೆ ಇದು ಗೊತ್ತಿರುವುದಿಲ್ಲ. ಗ್ರಂಥಾಲಯ ಸರಕಾರದ ಧರ್ಮ ಎಂದು ತಿಳಿದವನು ಒಳಗೆ ಬರಲು ಸಂಕೋಚಪಡುತ್ತಾನೆ. ತನ್ನ ದುಡ್ಡಿನಿಂದ ನಡೆಯುವುದು ಎಂದು ತಿಳಿದವನು ಬಂದು ಕೂರುತ್ತಾನೆ, ಪುಸ್ತಕ ಯಾಕಿಲ್ಲ ಎಂದು ಕೇಳುತ್ತಾನೆ. ಅವನು ಹಾಗೆ ಜೋರು ಮಾಡಿದ ದಿನ ಸಿಟ್ಟಾಗಬೇಡ, ಸಂತೋಷಪಡು. ಆ ಲೆಕ್ಕವನ್ನು ದಪ್ಪ ಅಕ್ಷರದಲ್ಲಿ ಬರೆದು ಬಾಗಿಲ ಪಕ್ಕ ಅಂಟಿಸು.

ಗ್ರಾಮ ಸಭೆ ವರ್ಷಕ್ಕೆ ಕಡಿಮೆಯೆಂದರೂ ಎರಡು ಸಲ ಸೇರಬೇಕು. ಅಲ್ಲಿ ರಸ್ತೆ, ಚರಂಡಿ, ಮನೆ ಹಂಚಿಕೆಯ ಗದ್ದಲದಲ್ಲಿ ಗ್ರಂಥಾಲಯದ ಮಾತೇ ಬರುವುದಿಲ್ಲ ಅಂದೆ. ಬರುವಂತೆ ಮಾಡುವುದು ನಿನ್ನ ಕೈಯಲ್ಲಿದೆ. ಪಿಡಿಒ ಸಾಹೇಬರನ್ನು ಮೊದಲೇ ಕಂಡು ಐದು ನಿಮಿಷ ಕೇಳಿಕೋ. ಎದ್ದು ನಿಂತು ಭಾಷಣ ಮಾಡಬೇಡ. ಈ ಆರು ತಿಂಗಳಲ್ಲಿ ಎಷ್ಟು ಪುಸ್ತಕ ಬಂದವು, ಎಷ್ಟು ಮಂದಿ ಒಯ್ದರು, ಯಾವುದನ್ನು ಹೆಚ್ಚು ಓದಿದರು, ಯಾವುದು ಹರಿದಿದೆ, ಏನು ಬೇಕಾಗಿದೆ. ಅಷ್ಟೇ. ಸಂಖ್ಯೆ ಕಡಿಮೆ ಇದ್ದರೆ ಕಡಿಮೆಯೆಂದೇ ಹೇಳು. ಮೇಲಿನವರಿಗೆ ತೋರಿಸಲು ರಿಜಿಸ್ಟರಿನಲ್ಲಿ ಬಾರದವರ ಹೆಸರು ತುಂಬುವ ಚಾಳಿ ಕೆಲವು ಕಡೆ ಉಂಟು. ಅದರ ಹತ್ತಿರವೂ ಸುಳಿಯಬೇಡ. ಪಟ್ಟಣದಲ್ಲಿ ಸುಳ್ಳು ಲೆಕ್ಕ ಅಡಗಿಕೊಳ್ಳಬಹುದು. ಹಳ್ಳಿಯಲ್ಲಿ ಯಾರ ಮಗ ಎಲ್ಲಿಗೆ ಹೋದ ಎನ್ನುವುದು ಎಲ್ಲರಿಗೂ ಗೊತ್ತು.

ನವೆಂಬರಿನಲ್ಲಿ ಮಕ್ಕಳ ಗ್ರಾಮ ಸಭೆ ನಡೆಯುತ್ತದಲ್ಲ, ಅದನ್ನು ಕೈಬಿಡಬೇಡ. ದೊಡ್ಡವಳು ನೀನು ಹತ್ತು ಸಲ ಕೇಳಿದ ಕಿಟಕಿಯ ರಿಪೇರಿಯನ್ನು ಏಳನೆಯ ಇಯತ್ತೆಯ ಹುಡುಗಿ ಒಂದು ಸಲ ಎದ್ದು ನಿಂತು ಕೇಳಿದರೆ ಅಧ್ಯಕ್ಷರು ಇಲ್ಲ ಅನ್ನಲಾರರು. ನವೆಂಬರ್ 14ರಿಂದ 20ರವರೆಗೆ ರಾಷ್ಟ್ರೀಯ ಗ್ರಂಥಾಲಯ ಸಪ್ತಾಹವೂ ಹೌದು, 1968ರಿಂದ ದೇಶದ ತುಂಬ ಆಚರಿಸುತ್ತಾರೆ. ಎರಡನ್ನೂ ಕೂಡಿಸು.

ಈಗ ನನಗೆ ಬಹಳ ಮುಖ್ಯ ಅನ್ನಿಸುವ ಮಾತು. ನಿನ್ನ ಗ್ರಂಥಾಲಯಕ್ಕೆ ಯಾರು ಬರುತ್ತಾರೆ ಎನ್ನುವುದು ರಿಜಿಸ್ಟರಿನಲ್ಲಿದೆ. ಯಾರು ಬರುವುದಿಲ್ಲ ಎನ್ನುವುದನ್ನು ಎಲ್ಲಿ ಬರೆದಿದ್ದೀ? ಒಂದು ಸಂಜೆ ಕೂತು ಓಣಿ ಓಣಿಯ ಹೆಸರು ಬರೆ. ಮೇಲಿನ ಓಣಿ, ಕೆಳಗಿನ ಓಣಿ, ದಲಿತರ ಕೇರಿ, ಮುಸಲ್ಮಾನರ ಗಲ್ಲಿ, ತಾಂಡಾ, ಕಲ್ಲಿನ ಗಣಿಯ ಕೂಲಿಯವರ ಗುಡಿಸಲು. ಪ್ರತಿ ಓಣಿಯಿಂದ ಎಷ್ಟು ಮಂದಿ ಬರುತ್ತಾರೆ ನೋಡು. ಎಲ್ಲಿ ಸೊನ್ನೆ ಬಂತೋ ನಿನ್ನ ಪ್ರಚಾರ ಅಲ್ಲಿಂದ ಆರಂಭವಾಗಲಿ. ಆ ಓಣಿಗೆ ನೀನೇ ಹೋಗು. ಅಂಗನವಾಡಿ ಕಾರ್ಯಕರ್ತೆಯನ್ನೋ ಆಶಾ ಕಾರ್ಯಕರ್ತೆಯನ್ನೋ ಜೊತೆಗೆ ಕರೆದುಕೋ, ಅವರಿಗೆ ಎಲ್ಲ ಮನೆಗಳ ಒಳಹೊರಗು ಗೊತ್ತು. ಕರಪತ್ರ ಹಂಚಿ ಬರಬೇಡ. ಕಟ್ಟೆಯ ಮೇಲೆ ಕೂತು ಕೇಳು: ಯಾಕೆ ಬರುತ್ತಿಲ್ಲ?

ಸಿಗುವ ಉತ್ತರಗಳಲ್ಲಿ ಕೆಲವು ನಿನಗೆ ನೋವು ಮಾಡಬಹುದು. ನಮ್ಮ ಹುಡುಗರನ್ನು ಅಲ್ಲಿ ಮುಂದೆ ಕೂಡಿಸುವುದಿಲ್ಲ ಅನ್ನಬಹುದು. ಹೆಣ್ಣುಮಕ್ಕಳು ಆ ಹರಟೆಕಟ್ಟೆ ದಾಟಿ ಬರಬೇಕು, ಹುಡುಗರು ಕೂತಿರುತ್ತಾರೆ ಅನ್ನಬಹುದು. ನಮಗೆ ಓದಲು ಬಾರದು ಎಂದು ತಲೆ ತಗ್ಗಿಸಬಹುದು. ಕೊನೆಯ ಮಾತಿಗೆ ಮದ್ದು ಸುಲಭ, ಸ್ತ್ರೀಶಕ್ತಿ ಸಂಘದ ವಾರದ ಸಭೆ ನಿನ್ನ ಕೋಣೆಯಲ್ಲೇ ನಡೆಯಲಿ, ಒಬ್ಬರು ಗಟ್ಟಿಯಾಗಿ ಓದಲಿ, ಉಳಿದವರು ಕೇಳಲಿ. ಮೊದಲ ಎರಡಕ್ಕೆ ಗಟ್ಟಿ ಮನಸ್ಸು ಬೇಕು. ಯಾರು ಎಲ್ಲಿ ಬೇಕಾದರೂ ಕೂರಬಹುದು ಎನ್ನುವ ನಿಯಮವನ್ನು ನೀನು ಬಾಯಲ್ಲಿ ಹೇಳುವುದಕ್ಕಿಂತ ಕುರ್ಚಿ ಹಾಕುವ ರೀತಿಯಲ್ಲಿ ತೋರಿಸಬೇಕು. ಹೆಣ್ಣುಮಕ್ಕಳಿಗಾಗಿ ಒಂದು ಹೊತ್ತನ್ನು ಬೇರೆಯಾಗಿ ಇಡಬೇಕು. ಊರ ಹಿರಿಯರಲ್ಲಿ ಒಬ್ಬಿಬ್ಬರು ಮುಖ ಗಂಟು ಹಾಕಿದರೆ ಹಾಕಲಿ. ಇದನ್ನು ಮಾಡದೆ ಪೇಪರಿನಲ್ಲಿ ನಿನ್ನ ಗ್ರಂಥಾಲಯದ ಫೋಟೋ ಬಂದರೂ ನಾನು ಅದನ್ನು ಪ್ರಚಾರ ಎಂದು ಕರೆಯುವುದಿಲ್ಲ.

ಭಾಷೆಯ ಮಾತೂ ಇದೆ. ತಾಂಡೂರು ನಿನ್ನ ಊರಿಗೆ ಹತ್ತಿರ. ಸಂತೆಗೆ ಅಲ್ಲಿಗೆ ಹೋಗುವವರು, ಅಲ್ಲಿಂದ ಮದುವೆಯಾಗಿ ಬಂದವರು ನಿನ್ನಲ್ಲಿ ಇದ್ದಾರೆ. ಗಡಿಯ ಈ ಕಡೆಯೂ ಅಷ್ಟೇ, ನಾರಾಯಣಪೇಟೆ ಜಿಲ್ಲೆಯ ಕೃಷ್ಣಾ, ಮಾಗನೂರು ಕಡೆಯ ಮನೆಗಳಲ್ಲಿ ಕನ್ನಡ ಆಡುತ್ತಾರೆ. ಕನ್ನಡದ ಗ್ರಂಥಾಲಯ ಕನ್ನಡದ್ದಾಗಿಯೇ ಇರಲಿ. ಆದರೂ ಒಂದು ತೆಲುಗು ಪತ್ರಿಕೆ, ನಾಲ್ಕು ಉರ್ದು ಪುಸ್ತಕ ಇಟ್ಟರೆ ಆ ಮನೆಗಳಿಗೂ ಇದು ತಮ್ಮದು ಅನ್ನಿಸುತ್ತದೆ. ತಮ್ಮ ಮಾತಿಗೆ ಜಾಗ ಸಿಗದ ಕಾಲವನ್ನು ನಮ್ಮ ಹಿರಿಯರು ಈ ನಾಡಿನಲ್ಲೇ ಕಂಡವರು. ನಾವು ಇನ್ನೊಬ್ಬರಿಗೆ ಹಾಗೆ ಮಾಡಬಾರದು.

ಕೇಳುವುದು ಹೇಳುವುದಕ್ಕಿಂತ ದೊಡ್ಡದು. ಊರಿನಲ್ಲಿ ಪೊಲೀಸ್ ಕಾನ್‌ಸ್ಟೆಬಲ್ ಪರೀಕ್ಷೆಗೆ ಓದುವ ಹುಡುಗರಿದ್ದರೆ ಅವರಿಗೆ ಹಳೆಯ ಪ್ರಶ್ನೆಪತ್ರಿಕೆ ಬೇಕು, ಕಾದಂಬರಿಯಲ್ಲ. ತೊಗರಿ ಬೆಳೆಯುವವರಿಗೆ ಇವತ್ತಿನ ಧಾರಣೆ ಬೇಕು, ಬೆಂಬಲ ಬೆಲೆಯ ನೋಂದಣಿ ಯಾವಾಗ ಎಂಬ ಸುದ್ದಿ ಬೇಕು. ಅದನ್ನು ಒಂದು ಕರಿಹಲಗೆಯ ಮೇಲೆ ದಿನಾ ಬೆಳಿಗ್ಗೆ ಬರೆ. ಧಾರಣೆ ನೋಡಲು ಬಂದವನು ಮಗಳಿಗೆ ಒಂದು ಕಥೆಪುಸ್ತಕ ಒಯ್ಯುತ್ತಾನೆ. 2020ರ ನವೆಂಬರಿನಲ್ಲಿ ಕೊರೊನಾದಿಂದ ಶಾಲೆ ಮುಚ್ಚಿದ್ದಾಗ ಪಂಚಾಯತ್ ರಾಜ್ ಇಲಾಖೆ "ಓದುವ ಬೆಳಕು" ಶುರುಮಾಡಿ ಮಕ್ಕಳನ್ನು ಉಚಿತವಾಗಿ ಸದಸ್ಯರನ್ನಾಗಿ ಮಾಡಿಕೊಂಡಿತು. ಲಕ್ಷಾಂತರ ಮಕ್ಕಳು ಸೇರಿದರು. ಅದು ಅಷ್ಟು ಬೇಗ ಹಬ್ಬಿದ್ದು ಯಾಕೆಂದರೆ ಮನೆಮನೆಯಲ್ಲಿ ಮಕ್ಕಳು ಸುಮ್ಮನೆ ಕೂತಿದ್ದರು, ತಾಯಂದಿರಿಗೆ ಚಿಂತೆಯಿತ್ತು, ಆ ಚಿಂತೆಗೆ ಸರಿಯಾಗಿ ಗ್ರಂಥಾಲಯದ ಬಾಗಿಲು ತೆರೆಯಿತು. ಹಿಂದಿನ ವರ್ಷವಷ್ಟೇ, 2019ರಲ್ಲಿ, ಹಳ್ಳಿಯ ಗ್ರಂಥಾಲಯಗಳು ಆ ಇಲಾಖೆಗೆ ಬಂದಿದ್ದವು. ಈಗ ನಿನ್ನ ಬೋರ್ಡಿನ ಮೇಲೆ "ಅರಿವು ಕೇಂದ್ರ" ಎಂದಿದೆ. ಆಗ ಸದಸ್ಯರಾದ ಮಕ್ಕಳು ಈಗ ಹೈಸ್ಕೂಲು, ಕಾಲೇಜಿಗೆ ಬಂದಿರುತ್ತಾರೆ. ಅವರ ಹಳೆಯ ಪಟ್ಟಿ ನಿನ್ನ ಕಪಾಟಿನಲ್ಲೇ ಇರಬೇಕು. ಬಿಟ್ಟುಹೋದವರನ್ನು ಹೆಸರು ಹಿಡಿದು ಕರೆ.

ಕೇರಳದವರಿಂದಲೂ ಕಲಿಯುವುದಿದೆ. ಪಿ. ಎನ್. ಪಣಿಕ್ಕರ್ 1945ರಲ್ಲಿ ನಲವತ್ತೇಳು ಗ್ರಂಥಾಲಯಗಳನ್ನು ಕೂಡಿಸಿ ಸಂಘ ಕಟ್ಟಿದರು. 1970ರಲ್ಲಿ ಓದಿ ಬೆಳೆಯಿರಿ ಎಂದು ಕರೆ ಕೊಡುತ್ತ ದಕ್ಷಿಣದ ಪಾರಶ್ಶಾಲೆಯಿಂದ ನಮ್ಮ ಕನ್ನಡದವರಿರುವ ಕಾಸರಗೋಡಿನ ತನಕ ಜಾಥಾ ನಡೆಸಿದರು. ಆ ನಾಡಿನ ಹಳ್ಳಿಯ ಗ್ರಂಥಾಲಯಗಳಿಗೆ ಇವತ್ತು ಇರುವ ಗೌರವ ಹಾಗೆ ನಡೆದು ಗಳಿಸಿದ್ದು. ಮಹಾರಾಷ್ಟ್ರದ ಭಿಲಾರ್ ಎಂಬ ಸ್ಟ್ರಾಬೆರಿ ಬೆಳೆಯುವ ಹಳ್ಳಿ 2017ರಲ್ಲಿ ಮನೆಗಳಲ್ಲಿ, ಗುಡಿಗಳಲ್ಲಿ ಪುಸ್ತಕ ಇಟ್ಟು ಪುಸ್ತಕಗಳ ಊರಾಯಿತು. ನೀನು ಅಷ್ಟು ಮಾಡಬೇಕಿಲ್ಲ. ಗಿರಣಿಯಲ್ಲಿ ಹಿಟ್ಟು ಹಾಕಿಸಲು ಕಾಯುವ ಹೆಣ್ಣುಮಕ್ಕಳಿಗೆ ಹತ್ತು ಪುಸ್ತಕದ ಒಂದು ಪೆಟ್ಟಿಗೆ, ಹಾಲಿನ ಡೈರಿಯಲ್ಲಿ ಇನ್ನೊಂದು. ಒಂದೆರಡು ಕಳೆದರೆ ಕಳೆಯಲಿ.

ಊರಿನ ಮಂದಿ ಅರ್ಧಕ್ಕರ್ಧ ಹೈದರಾಬಾದು, ಬೆಂಗಳೂರು ಅಂತ ದುಡಿಯಲು ಹೋಗಿದ್ದಾರೆ. ಯುಗಾದಿಗೆ, ಜಾತ್ರೆಗೆ, ಮೊಹರಂನ ಅಲಾಯಿ ದೇವರಿಗೆ ಬರುತ್ತಾರೆ. ಆ ದಿನಗಳಲ್ಲಿ ಗ್ರಂಥಾಲಯ ಮುಚ್ಚಿ ನೀನೂ ಹಬ್ಬಕ್ಕೆ ಹೋಗಬೇಡ, ಒಂದೆರಡು ತಾಸಾದರೂ ತೆರೆದಿಡು. ಊರು ಬಿಟ್ಟವರಿಗೆ ಊರಿಗೆ ಏನಾದರೂ ಮಾಡಬೇಕು ಎನ್ನುವ ಆಸೆ ಬಹಳ ಇರುತ್ತದೆ, ದಾರಿ ಗೊತ್ತಿರುವುದಿಲ್ಲ. ಬೇಕಾದ ಪುಸ್ತಕಗಳ ಪಟ್ಟಿ ಕೊಡು, ದುಡ್ಡು ಕೇಳಬೇಡ. ಇಲ್ಲಿ ಕಾಚಿಗುಡದ ಸುತ್ತ ನಮ್ಮ ಕಡೆಯ ಕುಟುಂಬಗಳು ತಲೆಮಾರಿನಿಂದ ಇವೆ, ನೃಪತುಂಗ ಶಾಲೆಯಲ್ಲಿ ಮಕ್ಕಳನ್ನು ಓದಿಸಿದವರಿದ್ದಾರೆ. ನಾನೇ ಮಾತಾಡುತ್ತೇನೆ. ಪಟ್ಟಿಯ ಪುಸ್ತಕ ಹುಡುಕಲು ಜಾಗವೂ ಉಂಟು: ಅಬಿಡ್ಸ್‌ನಲ್ಲಿ ಭಾನುವಾರ ಫುಟ್‌ಪಾತಿನ ಮೇಲೆ ಹಳೆಯ ಪುಸ್ತಕ ಹರಡುತ್ತಾರೆ, ಡಿಸೆಂಬರಿನ ಹೊತ್ತಿಗೆ ಪುಸ್ತಕ ಮೇಳವೂ ಇರುತ್ತದೆ. ಯಾರಾದರೂ ಹಳೆಯ ಗೈಡು, ಗೆದ್ದಲು ಹಿಡಿದ ಪುಸ್ತಕದ ಮೂಟೆ ಕೊಡಲು ಬಂದರೆ ನಯವಾಗಿ ಬೇಡ ಅನ್ನು. ಕಪಾಟು ತುಂಬಿಸಲು ಕಸ ಇಟ್ಟುಕೊಳ್ಳುವುದು ಓದುಗರಿಗೆ ಮಾಡುವ ಅಗೌರವ.

ಪೇಪರಿನ ಮಾತು ಚಿಕ್ಕದು. ತಾಲೂಕಿನ ವರದಿಗಾರರ ಪರಿಚಯ ಮಾಡಿಕೋ. ಏನಾದರೂ ನಡೆದಾಗ ಆರೇಳು ಸಾಲಿನಲ್ಲಿ ನಿಜವನ್ನು ಬರೆದು ಅದೇ ದಿನ ಕಳಿಸು. ಮಕ್ಕಳ ಫೋಟೋ ಹಾಕುವ ಮೊದಲು ತಂದೆತಾಯಿಯನ್ನು ಕೇಳು. ಊರಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ವಾರಕ್ಕೊಮ್ಮೆ ಹೊಸ ಪುಸ್ತಕದ ಹೆಸರು ಹಾಕು. ಅಲ್ಲಿ ನಡೆಯುವ ಜಗಳಕ್ಕೆ ಮಾತ್ರ ಬಾಯಿ ಹಾಕಬೇಡ. ಪಂಚಾಯ್ತಿಯಲ್ಲಿ ಎರಡು ಪಾರ್ಟಿಯವರೂ ಇರುತ್ತಾರೆ. ಒಬ್ಬರನ್ನು ಕಾರ್ಯಕ್ರಮಕ್ಕೆ ಕರೆದು ಇನ್ನೊಬ್ಬರನ್ನು ಬಿಟ್ಟರೆ, ಚುನಾವಣೆ ಮುಗಿದ ಮರುದಿನ ಗ್ರಂಥಾಲಯ ಒಂದು ಪಾರ್ಟಿಯದ್ದಾಗಿಬಿಡುತ್ತದೆ. ಹನ್ನೆರಡು ಸದಸ್ಯರಿದ್ದರೆ ಹನ್ನೆರಡು ಮನೆಗೂ ಚೀಟಿ ಹೋಗಲಿ.

ನಿನಗೆ ಸಿಗುವ ಗೌರವಧನ ಈ ಓಡಾಟಕ್ಕೆ ಸಾಟಿಯಲ್ಲ ಎನ್ನುವುದು ನನಗೆ ಗೊತ್ತಿದೆ. ಮೇಲಿನವರು ಅದನ್ನು ಹೆಚ್ಚಿಸಬೇಕು. ಅದನ್ನು ಕೇಳುವ ಹಕ್ಕು ನಿನಗಿದೆ, ಸಂಘದ ಮೂಲಕ ಕೇಳು, ಬಿಡಬೇಡ. ಊರು ಗ್ರಂಥಾಲಯವನ್ನು ತನ್ನದು ಎಂದುಕೊಂಡಿದ್ದರೆ ಆ ಕೇಳುವ ಕೆಲಸದಲ್ಲೂ ಊರು ನಿನ್ನ ಹಿಂದೆ ನಿಲ್ಲುತ್ತದೆ. ಊರಿಗೆ ನಿನ್ನ ಕೆಲಸವೇ ಗೊತ್ತಿರದಿದ್ದರೆ ನಿನ್ನ ಕಷ್ಟ ಗೊತ್ತಾಗುವುದು ಹೇಗೆ?

ಮಹಾನವಮಿಗೆ ಊರಿಗೆ ಬರುತ್ತೇನೆ. ಅಷ್ಟರೊಳಗೆ ಆ ಓಣಿಗಳ ಪಟ್ಟಿ ಬರೆದಿಡು. ಸೊನ್ನೆ ಇರುವ ಓಣಿಗಳಿಗೆ ಇಬ್ಬರೂ ಕೂಡಿ ಹೋಗೋಣ, ಮೊದಲು ತಾಂಡಾಕ್ಕೆ. ನನಗೆ ಲಂಬಾಣಿ ಮಾತು ಒಂದಿಷ್ಟು ಬರುತ್ತದೆ. ಗ್ರಾಮ ಸಭೆಯಲ್ಲಿ ಓದಬೇಕಾದ ವರದಿಯ ಕರಡನ್ನೂ ಬರೆದಿಡು, ನೋಡಿಕೊಡುತ್ತೇನೆ. ಒಂದು ಪುಟ ಮೀರಬಾರದು.

ನಿನ್ನ ಕಾಕಾ